ಮಧ್ಯಾಹ್ನ ಮಾತ್ರ ಕೈಕೊಡುವ ನೆಟ್‌ವರ್ಕ್: ರಾಯಚೂರಿನ ಒಂದು ರೈಸ್‌ಮಿಲ್ಲಿನ ದೋಷ ಪತ್ತೆ

ಬೆಳಿಗ್ಗೆ ಚೆನ್ನಾಗಿರುತ್ತದೆ. ಸಂಜೆಯೂ ಚೆನ್ನಾಗಿರುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಮಾತ್ರ ಕೈಕೊಡುತ್ತದೆ. ಫೋನ್ ಬಂದು, ಬೈಕ್ ಹತ್ತಿ, ನೀವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮತ್ತೆ ಸರಿಯಾಗಿರುತ್ತದೆ. ಇಂಥ ದೋಷವನ್ನು ಹುಡುಕುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಕೆಲಸಕ್ಕೆ ಸೇರಿ ಒಂದೆರಡು ವರ್ಷ ಆದವರಿಗೆ ಇದು. ಅದರಲ್ಲೂ ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ಗೋದಾಮುಗಳ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ. ನನಗೂ ಇದು ಎರಡನೇ ವರ್ಷ. ಈ ಒಂದು ದೋಷಕ್ಕೆ ನನಗೆ ಹತ್ತು ದಿನ ಹಿಡಿಯಿತು. ನಿಮಗೆ ಒಂದೆರಡು ದಿನದಲ್ಲಿ ಮುಗಿಯಬೇಕು ಅನ್ನುವುದೇ ನನ್ನ ಆಸೆ.

ಜಾಗ ಮತ್ತು ಜೋಡಣೆ

ಊರ ಹೊರಗಿನ ಒಂದು ರೈಸ್‌ಮಿಲ್ಲು. ಏಪ್ರಿಲ್ ಕೊನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆದ ಬೇಸಿಗೆ ಭತ್ತ ಸಿಂಧನೂರು, ಮಾನ್ವಿ ಕಡೆಯಿಂದ ಲಾರಿಗಟ್ಟಲೆ ಬರುವ ಕಾಲ. ಗೇಟಿನ ಹತ್ತಿರ ವೇಬ್ರಿಡ್ಜ್. ಅದರ ಪಕ್ಕ ಒಂದು ಸಣ್ಣ ಕ್ಯಾಬಿನ್. ಅದರೊಳಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕೇಬಲ್‌ಗಳನ್ನು ಕೂಡಿಸುವ ಎಂಟು ಪೋರ್ಟಿನ ಒಂದು ನೆಟ್‌ವರ್ಕ್ ಸ್ವಿಚ್. ತೂಕದ ಲೆಕ್ಕ ಇಡುವ ಸರ್ವರ್ ಇರುವುದು ಒಳಗಿನ ಆಫೀಸಿನಲ್ಲಿ. ರೌಟರ್ ಕೂಡ ಅಲ್ಲೇ. ಎರಡರ ನಡುವೆ ಉದ್ದನೆಯ ಗೋದಾಮು. ಅದರ ತಗಡಿನ ಚಾವಣಿ ಮೇಲೆ ಒಂದೇ ಒಂದು ನೆಟ್‌ವರ್ಕ್ ಕೇಬಲ್ ಹಾದು ಹೋಗಿದೆ. ಯಾರು ಹಾಕಿದ್ದು, ಯಾವಾಗ ಹಾಕಿದ್ದು ಅನ್ನುವುದಕ್ಕೆ ಕಾಗದ ಇಲ್ಲ.

ಕ್ಯಾಬಿನ್‌ನಲ್ಲಿ ತೂಕ ಬರೆಯುವ ಕಾಕಾ ಫೋನ್ ಮಾಡಿದ್ದು ಹೀಗೆ: "ಯವ್ವಾ, ಮತ್ತ ಹೋತು ನೋಡು ನೆಟ್ಟು. ಹೊರಗ ನೆಲ್ಲಿನ ಲಾರಿ ಹನ್ನೊಂದು ನಿಂತಾವ."

ಲಾರಿ ನಿಂತರೆ ಹಮಾಲರ ಕೂಲಿಯೂ ನಿಲ್ಲುತ್ತದೆ. ಡ್ರೈವರ್‌ಗಳು ರಣ ಬಿಸಿಲಲ್ಲಿ ಕಾಯುತ್ತಾರೆ. ಆ ಹನ್ನೊಂದು ಲಾರಿ ಕಣ್ಣಮುಂದೆ ಇದ್ದಾಗ ಏನಾದರೂ ಒಂದು ಬದಲಾಯಿಸಿಬಿಡೋಣ ಅಂತ ಕೈ ತುರಿಸುತ್ತದೆ. ನಾನೂ ಅದನ್ನೇ ಮಾಡಿದೆ. ಮೊದಲ ದಿನ ರೌಟರ್ ರೀಸ್ಟಾರ್ಟ್ ಮಾಡಿದೆ, ನಾಲ್ಕು ಗಂಟೆಗೆ ಸರಿಯಾಯಿತು. ನಾನೇ ಸರಿ ಮಾಡಿದೆ ಅಂದುಕೊಂಡು ಮನೆಗೆ ಹೋದೆ. ಮರುದಿನ ಒಂದು ಗಂಟೆಗೆ ಮತ್ತೆ ಫೋನ್. ಮೂರನೇ ದಿನ ಕ್ಯಾಬಿನ್‌ನ ಸ್ವಿಚ್ ಬದಲಾಯಿಸಿದೆ. ಅದೂ ಸಂಜೆಗೆ ಸರಿಯಾಯಿತು. ತಾನಾಗಿ ಸರಿಹೋಗುವ ದೋಷದ ದೊಡ್ಡ ತೊಂದರೆ ಇದು: ಕೊನೆಯಲ್ಲಿ ಏನು ಮುಟ್ಟಿದೆವೋ ಅದರಿಂದಲೇ ಸರಿಹೋಯಿತು ಅನಿಸುತ್ತದೆ.

ಮೊದಲು: "ನೆಟ್ ಇಲ್ಲ" ಅಂದರೆ ಏನು ಇಲ್ಲ?

ಕಾಕಾ "ನೆಟ್ಟು" ಅಂದಿದ್ದು ಇಂಟರ್ನೆಟ್ ಅಲ್ಲ. ತೂಕದ ಸಾಫ್ಟ್‌ವೇರ್ ಸರ್ವರ್ ಸಿಗುತ್ತಿಲ್ಲ ಅನ್ನುತ್ತಿತ್ತು. ಸರ್ವರ್ ಇರುವುದು ಅದೇ ಕಾಂಪೌಂಡಿನೊಳಗೆ. ಹಾಗಾಗಿ ಇಂಟರ್ನೆಟ್ ಕಂಪನಿಗೆ ದೂರು ಕೊಡುವುದರಲ್ಲಿ ಅರ್ಥವೇ ಇಲ್ಲ. ಈ ಪ್ರಶ್ನೆಯನ್ನು ಫೋನಿನಲ್ಲೇ ಕೇಳಿ. ಆಫೀಸಿನಲ್ಲಿ ಬೇರೆಯವರಿಗೆ ಕೆಲಸ ನಡೀತಿದೆಯಾ? ಸ್ಕ್ರೀನಿನ ಮೇಲೆ ಏನು ಬರೆದಿದೆ? ಪ್ರಿಂಟರ್ ಕೆಲಸ ಮಾಡುತ್ತಾ? ಮೂರು ಉತ್ತರದಲ್ಲಿ ಅರ್ಧ ದಾರಿ ಸಿಗುತ್ತದೆ.

ಕ್ಯಾಬಿನ್ ಕಂಪ್ಯೂಟರ್‌ನಲ್ಲಿ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ವಿಳಾಸ, ನೋಡಿ. 169.254 ಅಂತ ಶುರುವಾಗುವ ವಿಳಾಸ ಕಂಡರೆ, ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ, ಕಂಪ್ಯೂಟರ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಅಂತ ಅರ್ಥ. ನಮ್ಮಲ್ಲಿ ವಿಳಾಸ ಸರಿಯಾಗಿಯೇ ಇತ್ತು. ಒಂದೇ ಐಪಿ ಎರಡು ಕಡೆ ಇರಬಹುದಾ ಅಂತ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿ ಯಾವ ಯಂತ್ರದ್ದು ಅನ್ನುವ ಪಟ್ಟಿ) ಸರ್ವರ್‌ನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಬರೆದುಕೊಂಡೆ, ತೊಂದರೆ ಬಂದಾಗ ಮತ್ತೆ ನೋಡಿದೆ. ಅದೇ ಇತ್ತು. ಈ ಎರಡನ್ನೂ ಐದು ನಿಮಿಷದಲ್ಲಿ ಬದಿಗಿಡಬಹುದು.

ಆಮೇಲೆ ಪಿಂಗ್, ಅಂದರೆ ಒಂದು ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ಅಂತ ನೋಡುವುದು. ಇಲ್ಲಿ ನಾನು ಎಡವಿದೆ. ಸರ್ವರ್‌ಗೆ ಪಿಂಗ್ ಮಾಡಿದರೆ ನೂರಕ್ಕೆ ಒಂದೆರಡು ಮಾತ್ರ ತಪ್ಪುತ್ತಿತ್ತು. ನೆಟ್‌ವರ್ಕ್ ಸರಿ ಇದೆ, ಸಾಫ್ಟ್‌ವೇರ್‌ನದೇ ತಪ್ಪು ಅಂತ ತೀರ್ಮಾನ ಮಾಡಿ ಎರಡು ದಿನ ಕಳೆದೆ. ವಿಂಡೋಸ್‌ನ ಪಿಂಗ್ ಸುಮ್ನೆ ಕೊಟ್ಟರೆ ಕಳಿಸುವುದು 32 ಬೈಟ್ ಅಷ್ಟೇ. ಕೇಬಲ್‌ನಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ ಕೆಡುತ್ತಿದ್ದರೆ, ಸಣ್ಣ ಪ್ಯಾಕೆಟ್ ನುಸುಳಿ ಹೋಗುತ್ತದೆ. ದೊಡ್ಡದು ಸಿಕ್ಕಿಬೀಳುತ್ತದೆ. ಸಾಫ್ಟ್‌ವೇರ್ ಕಳಿಸುವುದು ದೊಡ್ಡ ಪ್ಯಾಕೆಟ್‌ಗಳನ್ನೇ ಅಲ್ವಾ? ಪಿಂಗ್ ಗಾತ್ರವನ್ನು 1400 ಬೈಟ್‌ಗೆ ಏರಿಸಿದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಕಾಲುಭಾಗಕ್ಕಿಂತ ಜಾಸ್ತಿ ತಪ್ಪತೊಡಗಿತು. ದೊಡ್ಡ ಗಾತ್ರದ ಪಿಂಗ್ ಮಾಡದೆ "ನೆಟ್‌ವರ್ಕ್ ಸರಿ ಇದೆ" ಅಂತ ಯಾರಿಗೂ ಹೇಳಬೇಡಿ.

ಗಡಿಯಾರ ಇಟ್ಟು ಕಾಯುವುದು

ಐದನೇ ದಿನ ಏನನ್ನೂ ಬದಲಾಯಿಸುವುದಿಲ್ಲ ಅಂತ ಗಟ್ಟಿ ಮಾಡಿದೆ. ವಿಂಡೋಸ್‌ನ ಪಿಂಗ್ ತಾನಾಗಿ ಸಮಯ ಬರೆಯುವುದಿಲ್ಲ. ವಿಂಡೋಸ್‌ಗೆ ಆಜ್ಞೆ ಬರೆಯುವ ಪವರ್‌ಶೆಲ್‌ನಲ್ಲಿ ಒಂದು ಸಣ್ಣ ಲೂಪ್ (ಮತ್ತೆ ಮತ್ತೆ ನಡೆಯುವ ಆಜ್ಞೆ) ಬರೆದು, ಪ್ರತಿ 5 ಸೆಕೆಂಡಿಗೆ ಒಮ್ಮೆ ನಾಲ್ಕು ಕಡೆ ಪಿಂಗ್ ಮಾಡಿ, ದಿನಾಂಕ, ಸಮಯದ ಜೊತೆ ಫೈಲಿಗೆ ಬರೆಯುವ ಹಾಗೆ ಮಾಡಿದೆ. ಮೊದಲನೆಯದು ಕ್ಯಾಬಿನ್‌ನದೇ ಸ್ವಿಚ್. ಎರಡನೆಯದು ಆಫೀಸಿನ ಸ್ವಿಚ್. ಮೂರನೆಯದು ಸರ್ವರ್. ನಾಲ್ಕನೆಯದು 8.8.8.8, ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್. ಹತ್ತಿರದಿಂದ ದೂರಕ್ಕೆ, ಒಂದೊಂದೇ ಮೆಟ್ಟಿಲು. ಇದಕ್ಕೆ ಎರಡೂ ಕಡೆ ಐಪಿ ಇರುವ ಮ್ಯಾನೇಜ್ಡ್ ಸ್ವಿಚ್ (ಒಳಗಿನ ಲೆಕ್ಕ ನೋಡಲು, ಸೆಟ್ಟಿಂಗ್ ಬದಲಿಸಲು ಬರುವಂಥದ್ದು) ಬೇಕು. ನಾನು ಅಂಗಡಿಯಿಂದ ಎರಡನ್ನು ಕೈಗಡ ತಂದು ಹಾಕಿದ್ದೆ.

ಆ ಸ್ವಿಚ್‌ಗಳಿಗೆ ಮರೆಯದೆ ಎನ್‌ಟಿಪಿ (ನೆಟ್‌ವರ್ಕ್‌ನಿಂದ ಸಮಯ ಹೊಂದಿಸಿಕೊಳ್ಳುವ ವ್ಯವಸ್ಥೆ) ಹಾಕಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಕೂಡಲೇ ಅದರ ಗಡಿಯಾರ ಹಳೆಯ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತದೆ. ಲಾಗ್ ಇದ್ದೂ ಉಪಯೋಗಕ್ಕೆ ಬರುವುದಿಲ್ಲ.

ಕಾಕಾಗೆ ಒಂದು ನೋಟ್‌ಬುಕ್ ಕೊಟ್ಟೆ. ತೊಂದರೆ ಶುರುವಾದ ಗಂಟೆ, ನಿಂತ ಗಂಟೆ, ಆಗ ಮಿಲ್ಲು ನಡೀತಿತ್ತಾ ಇಲ್ಲವಾ, ಮೋಡ ಇತ್ತಾ ಬಿಸಿಲಿತ್ತಾ, ಇಷ್ಟು ಬರೆಯಲು ಹೇಳಿದೆ. ಮೂವತ್ತು ವರ್ಷದಿಂದ ತೂಕ ಬರೆದ ಕೈ. ಸಾಲು ತಪ್ಪದೆ ಬರೆದರು. ಅವರ ನೋಟ್‌ಬುಕ್ ನನ್ನ ಲಾಗ್‌ಗಿಂತ ಹೆಚ್ಚು ಹೇಳಿತು.

ಮೂರು ದಿನದ ನಂತರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲ ಮೆಟ್ಟಿಲು, ಅಂದರೆ ಕ್ಯಾಬಿನ್ ಸ್ವಿಚ್, ಒಮ್ಮೆಯೂ ತಪ್ಪಿರಲಿಲ್ಲ. ತಪ್ಪುವುದು ಶುರುವಾಗುತ್ತಿದ್ದುದು ಎರಡನೆಯದರಿಂದ. ಹಾಗಾದರೆ ದೋಷ ಎರಡು ಸ್ವಿಚ್‌ಗಳ ನಡುವೆ ಇದೆ. ಕಂಪ್ಯೂಟರ್, ಸರ್ವರ್, ಸಾಫ್ಟ್‌ವೇರ್, ಇಂಟರ್ನೆಟ್, ಎಲ್ಲವೂ ಒಂದೇ ಏಟಿಗೆ ಹೊರಗಾದವು.

ಇನ್ನೊಂದು ಸಾಲು ಕಾಕಾ ಬರೆದದ್ದು. ನೋಟ್‌ಬುಕ್ ಕೊಟ್ಟ ಎರಡನೇ ದಿನ ಮಧ್ಯಾಹ್ನ ಕರೆಂಟ್ ಹೋಗಿ ಮುಕ್ಕಾಲು ಗಂಟೆ ಮಿಲ್ಲು ನಿಂತಿತ್ತು. ನೆಟ್‌ವರ್ಕ್ ಯುಪಿಎಸ್ ಮೇಲೆ ನಡೀತಿತ್ತು. ಆ ಮುಕ್ಕಾಲು ಗಂಟೆಯಲ್ಲೂ ಪ್ಯಾಕೆಟ್ ಬೀಳುವುದು ನಿಲ್ಲಲಿಲ್ಲ. ಅಲ್ಲಿಯವರೆಗೆ ಮಿಲ್ಲಿನ ದೊಡ್ಡ ಮೋಟಾರ್‌ಗಳ ಮೇಲೆ ನನಗೆ ಬಲವಾದ ಅನುಮಾನ ಇತ್ತು. ಒಂದೂ ಮೋಟಾರ್ ತಿರುಗದೇ ಇದ್ದಾಗಲೂ ದೋಷ ಇದ್ದ ಮೇಲೆ ಆ ಅನುಮಾನ ಬಿಟ್ಟೆ. ಯುಪಿಎಸ್ ಕೊಡುವ ವೋಲ್ಟೇಜನ್ನು ಮೀಟರ್ ಹಿಡಿದು ನೋಡಿದೆ, ಅದೂ ಅಲುಗಾಡುತ್ತಿರಲಿಲ್ಲ.

ಮತ್ತೆ ನೋಟ್‌ಬುಕ್ಕಿನ ಮೂರನೇ ದಿನದ ಸಾಲು: "ಮೋಡ ಮುಸುಕಿತ್ತು. ನೆಟ್ ಹೋಗಲಿಲ್ಲ."

ಪೋರ್ಟಿನ ಲೆಕ್ಕ ಓದುವುದು

ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಪ್ರತಿ ಪೋರ್ಟಿಗೂ ಒಂದು ಲೆಕ್ಕದ ಪುಟ ಇರುತ್ತದೆ. ಅದರಲ್ಲಿ ಸಿಆರ್‌ಸಿ ಎರರ್ ಅನ್ನುವ ಸಾಲನ್ನು ಹುಡುಕಿ. ಕಳಿಸುವವನು ಪ್ರತಿ ಫ್ರೇಮಿನ ಕೊನೆಗೆ ಒಂದು ಲೆಕ್ಕದ ಗುರುತು ಸೇರಿಸುತ್ತಾನೆ. ತಗೊಳ್ಳುವವನು ಮತ್ತೆ ಲೆಕ್ಕ ಹಾಕಿ ನೋಡುತ್ತಾನೆ. ತಾಳೆ ಆಗದಿದ್ದರೆ ಫ್ರೇಮನ್ನು ಎಸೆದು ಸಿಆರ್‌ಸಿ ಲೆಕ್ಕಕ್ಕೆ ಒಂದು ಸೇರಿಸುತ್ತಾನೆ. ಅಂದರೆ ಈ ಸಂಖ್ಯೆ ಏರಿದರೆ ದಾರಿಯಲ್ಲಿ ಮಾಲು ಕೆಟ್ಟಿದೆ ಅಂತ ಅರ್ಥ. ಕಾರಣ ಕೇಬಲ್ ಇರಬಹುದು, ಕನೆಕ್ಟರ್ ಇರಬಹುದು, ಪೋರ್ಟ್ ಇರಬಹುದು, ಹೊರಗಿನ ವಿದ್ಯುತ್ ಗದ್ದಲ ಇರಬಹುದು, ಒಂದು ಕಡೆ ಫುಲ್ ಡುಪ್ಲೆಕ್ಸ್ (ಕಳಿಸುವುದು, ತಗೊಳ್ಳುವುದು ಒಟ್ಟಿಗೆ) ಇನ್ನೊಂದು ಕಡೆ ಹಾಫ್ (ಒಮ್ಮೆಗೆ ಒಂದೇ) ಇರಬಹುದು. ಸಾಫ್ಟ್‌ವೇರ್ ಅಂತೂ ಅಲ್ಲ.

ಎರಡು ಮಾತು ನೆನಪಿಡಿ. ಎರರ್ ಕಾಣುವುದು ತಗೊಳ್ಳುವ ಕಡೆ. ಹಾಗಾಗಿ ಎರಡೂ ತುದಿಯ ಸ್ವಿಚ್ ನೋಡಬೇಕು. ಮತ್ತೆ, ಮೊತ್ತ ನೋಡಿ ಗಾಬರಿ ಆಗಬೇಡಿ. ಅದು ಯಾವ ಕಾಲದಿಂದ ಕೂಡಿಕೊಂಡು ಬಂದಿದೆಯೋ ಗೊತ್ತಿಲ್ಲ. ಲೆಕ್ಕವನ್ನು ಸೊನ್ನೆ ಮಾಡಿ, ಹತ್ತು, ಹನ್ನೆರಡು, ಎರಡು, ನಾಲ್ಕು, ಆರು ಗಂಟೆಗೆ ಬರೆದುಕೊಳ್ಳಿ. ಏರಿದ್ದು ಎಷ್ಟು ಅನ್ನುವುದೇ ಮುಖ್ಯ. ನಮ್ಮಲ್ಲಿ ಹತ್ತು ಗಂಟೆಗೆ ಸೊನ್ನೆ. ಹನ್ನೆರಡಕ್ಕೆ ನೂರರ ಒಳಗೆ. ಎರಡು ಗಂಟೆಗೆ ಸಾವಿರಗಳಲ್ಲಿ. ಆರಕ್ಕೆ ಮತ್ತೆ ಏರುವುದೇ ನಿಂತಿತ್ತು. ಮ್ಯಾನೇಜ್ಡ್ ಸ್ವಿಚ್ ಸಿಗದಿದ್ದರೆ ವಿಂಡೋಸ್‌ನ ನೆಟ್‌ಸ್ಟ್ಯಾಟ್ ಆಜ್ಞೆಯೂ ಆ ಕಂಪ್ಯೂಟರಿನ ಕಾರ್ಡಿಗೆ ಬಂದ ಎರರ್‌ಗಳನ್ನು ತೋರಿಸುತ್ತದೆ. ಉದ್ದದ ಕೇಬಲನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ ನೋಡಬಹುದು.

ಆಮೇಲೆ ಒಂದೊಂದೇ ಅದಲು ಬದಲು. ಎರಡೂ ಕಡೆ ಪೋರ್ಟ್ ಬದಲಾಯಿಸಿದೆ, ಎರರ್ ಹೊಸ ಪೋರ್ಟಿಗೆ ಬಂತು. ಪ್ಯಾಚ್ ಕಾರ್ಡ್ (ತುದಿಯ ಗಿಡ್ಡ ಕೇಬಲ್) ಬದಲಾಯಿಸಿದೆ, ವ್ಯತ್ಯಾಸ ಇಲ್ಲ. ಎರಡೂ ತುದಿಯ ಕನೆಕ್ಟರ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ, ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಪ್ರತಿ ಬದಲಾವಣೆಯ ನಂತರ ಒಂದು ಪೂರ್ತಿ ಮಧ್ಯಾಹ್ನ ಕಾಯಬೇಕಾಯಿತು. ಬೇಸರದ ಕೆಲಸ, ಆದರೆ ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಆಮೇಲೆ ಹೇಳಲಾಗುವುದಿಲ್ಲ.

ತಗಡಿನ ಮೇಲೆ

ಉಳಿದದ್ದು ಕೇಬಲ್ ಒಂದೇ. ಅದನ್ನು ನೋಡಲು ಚಾವಣಿ ಹತ್ತಬೇಕು. ದಯವಿಟ್ಟು ಬೆಳಿಗ್ಗೆ ಏಳರೊಳಗೆ ಹತ್ತಿ. ಏಣಿ ಹಿಡಿಯಲು ಒಬ್ಬರು ಇರಲೇಬೇಕು. ಬೋಲ್ಟ್ ಸಾಲು ಕಾಣುವ ಕಡೆ, ಅಂದರೆ ಕೆಳಗೆ ಕಬ್ಬಿಣದ ಆಸರೆ ಇರುವ ಕಡೆ ಮಾತ್ರ ಕಾಲಿಡಿ. ಸಿಮೆಂಟ್ ಶೀಟಾಗಿದ್ದರೆ ಹತ್ತಲೇಬೇಡಿ, ಅದು ಹೇಳದೆ ಕೇಳದೆ ಮುರಿಯುತ್ತದೆ. ಯಾವ ಲಾರಿಯೂ ನಿಮ್ಮ ಬೆನ್ನುಮೂಳೆಗಿಂತ ದೊಡ್ಡದಲ್ಲ.

ಕೇಬಲ್ ತಗಡಿಗೆ ಅಂಟಿಕೊಂಡು ಮಲಗಿತ್ತು. ಮೇಲಿನ ಸಿಪ್ಪೆ ಬಿಸಿಲಿಗೆ ಬಿಳಿಚಿ, ಬಾಗಿದ ಕಡೆಯೆಲ್ಲ ಕೂದಲೆಳೆಯಷ್ಟು ಬಿರುಕು. ಒಳಾಂಗಣಕ್ಕೆ ಮಾಡಿದ ಸಾದಾ ಕೇಬಲನ್ನು ಹೊರಗೆ ಎಳೆದಿದ್ದರು. ಸಿಪ್ಪೆಯ ಮೇಲೆ ಪ್ರತಿ ಮೀಟರಿಗೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಆಫೀಸಿನ ತುದಿಯಲ್ಲಿ 271 ಇತ್ತು. ಕ್ಯಾಬಿನ್ ತುದಿಯಲ್ಲಿ 177. ಕಳೆದರೆ 94 ಮೀಟರ್. ಟೆಸ್ಟರ್ ಇಲ್ಲದೆ ಉದ್ದ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ತಾಮ್ರದ ನೆಟ್‌ವರ್ಕ್ ಕೇಬಲ್‌ನ ಉದ್ದದ ಮಿತಿ ಪುಸ್ತಕದಲ್ಲಿ ನಾವು ಕಲಿತದ್ದು 100 ಮೀಟರ್ ಅಂತ. ಅದನ್ನು ಬಿಡಿಸಿ ನೋಡಿದರೆ 90 ಮೀಟರ್ ಸ್ಥಿರ ಕೇಬಲ್, ಉಳಿದ 10 ಮೀಟರ್ ಎರಡೂ ತುದಿಯ ಪ್ಯಾಚ್ ಕಾರ್ಡ್‌ಗಳು. ಅದಕ್ಕಿಂತ ದೊಡ್ಡ ಮಾತು, ಆ ಲೆಕ್ಕ ಇರುವುದು 20 ಡಿಗ್ರಿ ಸೆಲ್ಸಿಯಸ್‌ಗೆ. ಬಿಸಿ ಏರಿದ ಹಾಗೆ ತಾಮ್ರದ ಕೇಬಲ್‌ನಲ್ಲಿ ಸಿಗ್ನಲ್ ನಷ್ಟ ಜಾಸ್ತಿ ಆಗುತ್ತದೆ. ಶೀಲ್ಡ್ ಇಲ್ಲದ ಕೇಬಲ್‌ಗೆ 20ರಿಂದ 40 ಡಿಗ್ರಿವರೆಗೆ ಪ್ರತಿ ಡಿಗ್ರಿಗೆ ಶೇ 0.4, ಅದರ ಮೇಲೆ 60ರವರೆಗೆ ಪ್ರತಿ ಡಿಗ್ರಿಗೆ ಶೇ 0.6 ಅಂತ ಲೆಕ್ಕ ಹಿಡಿಯುತ್ತಾರೆ.

ರಾಯಚೂರಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನದ ತಗಡಿನ ಮೇಲೆ ಅಂಗೈ ಒಂದು ಕ್ಷಣ ನಿಲ್ಲುವುದಿಲ್ಲ. ಆ ತಗಡಿನ ಮೇಲೆ ಮಲಗಿದ ಕೇಬಲ್ 60 ಡಿಗ್ರಿ ಮುಟ್ಟಿದೆ ಅಂತಿಟ್ಟುಕೊಳ್ಳಿ. ಮೊದಲ 20 ಡಿಗ್ರಿಗೆ ಶೇ 8, ನಂತರದ 20ಕ್ಕೆ ಶೇ 12. ಒಟ್ಟು ಶೇ 20. ನಮ್ಮ 94 ಮೀಟರ್ ಮಧ್ಯಾಹ್ನ ಎರಡು ಗಂಟೆಗೆ ಸುಮಾರು 113 ಮೀಟರಿನ ಹಾಗೆ ನಡೆದುಕೊಳ್ಳುತ್ತದೆ. ಬೆಳಿಗ್ಗೆ ಏಳಕ್ಕೆ ಮತ್ತೆ 94ರ ಹತ್ತಿರ. ಕೇಬಲ್ ಅದೇ, ಜಾಗವೂ ಅದೇ. ಈ ಲೆಕ್ಕ ಹಾಕಿದ ದಿನ ಕಾಕಾನ "ಮೋಡ ಮುಸುಕಿತ್ತು" ಸಾಲು ನನಗೆ ಪೂರ್ತಿ ಅರ್ಥವಾಯಿತು.

ಕತ್ತರಿಸಿದ ತುಂಡನ್ನು ಕೈಗೆ ತಗೊಂಡು ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ. ಒಂದೆರಡು ಸಲ ಕೆರೆದರೆ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಮಾಡಿದ ಕೇಬಲ್ ಅದು. ನಮ್ಮ ಕಡೆ ಅಂಗಡಿಯಲ್ಲಿ ಸಿಸಿಎ ಅನ್ನುತ್ತಾರೆ. ಡಬ್ಬಿ ಎತ್ತಿದರೆ ಹಗುರ ಇರುತ್ತದೆ, ಬೆಲೆಯೂ ಕಡಿಮೆ. ಪೂರ್ತಿ ತಾಮ್ರದ ತಂತಿಗಿಂತ ಸುಮಾರು ಒಂದೂವರೆ ಪಟ್ಟು ಪ್ರತಿರೋಧ ಇರುತ್ತದೆ. ನೆಟ್‌ವರ್ಕ್ ಕೇಬಲ್‌ನ ಮಾನದಂಡ ಅದನ್ನು ಒಪ್ಪುವುದೇ ಇಲ್ಲ. ಹಾಕಿದವರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹತ್ತು ಮೀಟರಿಗೆ ಅದೇ ಕೇಬಲ್ ಏನೂ ತೊಂದರೆ ಕೊಡದೆ ನಡೆದಿರಬಹುದು. ಇಲ್ಲಿ ಉದ್ದ, ಬಿಸಿ, ಕಳಪೆ ತಂತಿ ಮೂರೂ ಕೂಡಿದವು.

ಊಹೆಯನ್ನು ಸಾಬೀತು ಮಾಡುವುದು

ಲೆಕ್ಕ ಚೆನ್ನಾಗಿದೆ ಅಂತ ನಂಬಿಬಿಡಬಾರದು. ಹೊಸ ಶುದ್ಧ ತಾಮ್ರದ ಕೇಬಲನ್ನು ಗೋದಾಮಿನ ಗೋಡೆ ನೆರಳಲ್ಲಿ ನೆಲದ ಮೇಲೆ ಎಳೆದೆ. ಮಧ್ಯಾಹ್ನ ಒಂದೂವರೆಗೆ, ಎರರ್ ಏರುತ್ತಿರುವಾಗಲೇ, ಹಳೆಯದನ್ನು ಕಿತ್ತು ಇದನ್ನು ಅದೇ ಪೋರ್ಟ್‌ಗಳಿಗೆ ಹಾಕಿದೆ. ಲೆಕ್ಕ ಸೊನ್ನೆ ಮಾಡಿದೆ. ಅರ್ಧ ಗಂಟೆ ಸೊನ್ನೆಯಲ್ಲೇ ನಿಂತಿತು. ಮತ್ತೆ ಹಳೆಯದನ್ನು ಹಾಕಿದೆ. ಎರಡು ನಿಮಿಷದಲ್ಲಿ ಏರತೊಡಗಿತು. ಹೀಗೆ ದೋಷವನ್ನು ಬೇಕೆಂದಾಗ ತರಿಸಿ, ಬೇಕೆಂದಾಗ ಕಳಿಸಲು ಬಂದರೆ ಮಾತ್ರ ಕಾರಣ ಸಿಕ್ಕಿತು ಅನ್ನಬಹುದು.

ಕಾಕಾ ಒಂದು ಉಪಾಯ ಹೇಳಿದರು: "ಗೋಣಿಚೀಲ ನೆನಸಿ ಮ್ಯಾಲ ಹಾಕಿದ್ರ ತಂಪಾಗತೈತಲ್ಲ?" ಯೋಚನೆ ಸರಿಯಾಗಿಯೇ ಇದೆ. ಆದರೆ ಸಿಪ್ಪೆ ಬಿರುಕು ಬಿಟ್ಟ ಕೇಬಲ್‌ಗೆ ನೀರು ಇಳಿದರೆ ಇನ್ನೂ ಕೆಡುತ್ತದೆ. ಹಾಗಾಗಿ ಬೇಡ ಅಂದೆ.

ಅವತ್ತಿನ ಲಾರಿ ಸಾಗಿಸಲು ಬೇರೆ ದಾರಿ ಇತ್ತು. ಆ ಪೋರ್ಟಿನ ವೇಗವನ್ನು 1000ದಿಂದ 100 ಮೆಗಾಬಿಟ್‌ಗೆ ಇಳಿಸಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಚೆನ್ನಾಗಿರಬೇಕು. 100ಕ್ಕೆ ಎರಡು ಜೋಡಿ ಸಾಕು, ಸ್ವಲ್ಪ ಕೆಟ್ಟ ಕೇಬಲನ್ನೂ ಅದು ತಾಳಿಕೊಳ್ಳುತ್ತದೆ. ತೂಕದ ಚೀಟಿಗೆ 100 ಧಾರಾಳ. ಇಲ್ಲಿ ಒಂದು ಎಚ್ಚರಿಕೆ: ಒಂದೇ ಕಡೆ ವೇಗವನ್ನು ಬಲವಂತವಾಗಿ ಕಟ್ಟಿಹಾಕಿದರೆ ಇನ್ನೊಂದು ಕಡೆ ಹಾಫ್ ಡುಪ್ಲೆಕ್ಸ್‌ಗೆ ಬೀಳುತ್ತದೆ, ಹೊಸ ದೋಷ ಹುಟ್ಟುತ್ತದೆ. ಎರಡೂ ಕಡೆ ಮಾತಾಡಿಕೊಂಡು ವೇಗ ಹೊಂದಿಸಿಕೊಳ್ಳುವ ಆಟೋ ಹಾಗೆಯೇ ಇರಲಿ. ಅದರ ಪಟ್ಟಿಯಿಂದ 1000ವನ್ನು ಮಾತ್ರ ತೆಗೆಯಿರಿ. ಎರರ್ ಪೂರ್ತಿ ಹೋಗಲಿಲ್ಲ, ಆದರೆ ಲಾರಿ ನಿಲ್ಲುವುದು ನಿಂತಿತು. ಸಾಹುಕಾರರ ಹತ್ತಿರ ಕೂತು ಖರ್ಚಿನ ಮಾತಾಡಲು ನನಗೆ ನಾಲ್ಕು ದಿನ ಸಿಕ್ಕಿತು.

ಖಾಯಂ ಪರಿಹಾರ

ಹೊಸ ತಾಮ್ರದ ಕೇಬಲನ್ನೇ ಪೈಪಿನಲ್ಲಿ, ನೆರಳಲ್ಲಿ ಎಳೆಯಬಹುದಿತ್ತು. ನಾನು ಫೈಬರ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕು ಕಳಿಸುವ ಕೇಬಲ್, ಕೇಳಿದೆ. ಇಷ್ಟು ದೂರಕ್ಕೆ ಬಿಸಿಲಿನ ಈ ತೊಂದರೆ ಗಾಜಿಗೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಇದ್ದರೆ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತದೆ. ಎರಡೂ ಕಡೆಯ ಅರ್ಥಿಂಗ್ ಒಂದೇ ಸಮ ಇರುವುದೂ ಇಲ್ಲ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಲೋಹದ ಕವಚದ ಫೈಬರ್ ತಂದರೆ ಈ ಲಾಭ ಕಡಿಮೆಯಾಗುತ್ತದೆ, ಲೋಹ ಇಲ್ಲದ ಹೊರಾಂಗಣ ಕೇಬಲ್ ಕೇಳಿ. ಪೈಪಿನೊಳಗೆ ಹಾಕಿ, ಇಲಿ ಕಡಿಯುತ್ತದೆ. ರೈಸ್‌ಮಿಲ್ಲಿನಲ್ಲಿ ಇಲಿಗೆ ಬರವಿಲ್ಲ.

ಎರಡೂ ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ತಾಮ್ರದ ಪೋರ್ಟಿಗೆ ಹೊಂದಿಸುವ ಡಬ್ಬಿ. ಎರಡೂ, ಕೇಬಲ್ ಕೂಡ, ಒಂದೇ ಬಗೆಯದಿರಬೇಕು: ಕನ್ವರ್ಟರ್ ಸಿಂಗಲ್ ಮೋಡ್ ಆದರೆ ಕೇಬಲ್ಲೂ ಸಿಂಗಲ್ ಮೋಡ್. ಕನೆಕ್ಟರ್ ತುದಿಯನ್ನು ಒರೆಸಿಯೇ ಹಾಕಿ, ತೌಡಿನ ಪುಡಿ ಗಾಳಿಯಲ್ಲೇ ಇರುತ್ತದೆ. ಫೈಬರ್ ತುದಿಗೆ ಕಣ್ಣಿಟ್ಟು ನೋಡಬೇಡಿ, ಬೆಳಕು ಕಾಣುವುದಿಲ್ಲ, ಆದರೆ ಕಣ್ಣಿಗೆ ಹಾನಿ ಆಗಬಹುದು. ಕ್ಯಾಬಿನ್‌ನಲ್ಲಿ ಸ್ವಿಚ್, ಕನ್ವರ್ಟರ್ ಎರಡನ್ನೂ ಚಾವಣಿ ಹತ್ತಿರದಿಂದ ಇಳಿಸಿ ಮೇಜಿನ ಕೆಳಗಿನ ಡಬ್ಬಿಗೆ ತಂದೆ. ಬಿಸಿಗಾಳಿ ಮೇಲೆ ಸೇರುತ್ತದೆ. ಸಾಮಾನ್ಯ ಸಣ್ಣ ಸ್ವಿಚ್‌ಗಳಲ್ಲಿ ಬಹಳಷ್ಟನ್ನು 40 ಡಿಗ್ರಿವರೆಗೆ ಅಂತಲೇ ಮಾಡಿರುತ್ತಾರೆ.

ನಿಮ್ಮ ಲಾಗ್ ಬೇರೆ ಸಮಯ ತೋರಿಸಿದರೆ

ನೆಟ್‌ವರ್ಕ್ ಕೇಬಲ್‌ನಿಂದಲೇ ಕರೆಂಟ್ ತಗೊಳ್ಳುವ ಕ್ಯಾಮೆರಾ ಕತ್ತಲಾದ ಮೇಲೆ ಮಾತ್ರ ಆರಿ ಹೋಗುತ್ತಿದ್ದರೆ, ರಾತ್ರಿಯ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಅದು ಜಾಸ್ತಿ ಕರೆಂಟ್ ಕೇಳುತ್ತಿರಬಹುದು. ಉದ್ದದ ಸಿಸಿಎ ಕೇಬಲ್ ಅದನ್ನು ತಲುಪಿಸದೇ ಇರಬಹುದು. ಮಳೆ ಬಂದ ಮರುದಿನ ಕೆಟ್ಟರೆ ಹೊರಗಿನ ಕನೆಕ್ಟರ್ ತೆಗೆದು ಹಸಿರು ಕಿಲುಬು ಇದೆಯಾ ನೋಡಿ. ಒಮ್ಮೆಲೇ ಎಲ್ಲರಿಗೂ ಹೋಗಿ, ಸ್ವಿಚ್‌ನ ದೀಪಗಳೆಲ್ಲ ಹುಚ್ಚು ಹಿಡಿದ ಹಾಗೆ ಮಿನುಗುತ್ತಿದ್ದರೆ ಯಾರೋ ಒಂದು ಕೇಬಲ್‌ನ ಎರಡೂ ತುದಿಯನ್ನು ಅದೇ ಸ್ವಿಚ್‌ಗೆ ಹಾಕಿರಬಹುದು. ಗಡಿಯಾರ ಇಟ್ಟ ಹಾಗೆ ಇಂತಿಷ್ಟು ಗಂಟೆಗೊಮ್ಮೆ ಹೋದರೆ ಡಿಎಚ್‌ಸಿಪಿ ಲೀಸ್ ಅವಧಿ, ಅಂದರೆ ಕೊಟ್ಟ ವಿಳಾಸ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದನ್ನು, ನೋಡಿ.

ಫೈಬರ್ ಹಾಕಿದ ಮೇಲೂ ನನ್ನ ಲೂಪನ್ನು ಒಂದು ವಾರ ನಿಲ್ಲಿಸಲಿಲ್ಲ. ಮೋಡದ ದಿನ ಸರಿಹೋದರೆ ಲೆಕ್ಕಕ್ಕಿಲ್ಲ, ಸುಡು ಬಿಸಿಲಿನ ಮಧ್ಯಾಹ್ನಗಳೇ ಬೇಕಿತ್ತು. ಏಳು ದಿನವೂ ಬಿಸಿಲು ಕಾಯಿತು. 1400 ಬೈಟಿನ ಪಿಂಗ್ ಒಂದೂ ತಪ್ಪಲಿಲ್ಲ. ಆಮೇಲೆ ತಗಡಿನ ಮೇಲಿನ ಹಳೇ ಕೇಬಲ್ ಕಿತ್ತು ಕೆಳಗಿಳಿಸಿದೆ. ಅಲ್ಲೇ ಬಿಟ್ಟರೆ ಮುಂದೆ ಯಾರಾದರೂ ಮತ್ತೆ ಅದನ್ನೇ ಜೋಡಿಸುತ್ತಾರೆ. ಕ್ಯಾಬಿನ್ ಡಬ್ಬಿಯ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿದೆ: ಹಾಕಿದ ದಿನಾಂಕ, ಉದ್ದ, ಯಾವ ಬಣ್ಣದ ಕೋರ್ ಎಲ್ಲಿಗೆ, ಪೈಪ್ ಯಾವ ಗೋಡೆಯ ಗುಂಟ ಹೋಗಿದೆ, ಎರಡೂ ಸ್ವಿಚ್‌ಗಳ ಐಪಿ. ಅದರ ಕೆಳಗೆ ಜಾಗ ಉಳಿದಿತ್ತು. ಕಾಕಾ ತಮ್ಮ ಪೆನ್ನಿನಿಂದ ನಾಲ್ಕು ಗೆರೆ ಎಳೆದು ಮೇಲೆ ಬರೆದರು: ತಾರೀಖು, ಹೋದ ಗಂಟೆ, ಬಂದ ಗಂಟೆ, ಬಿಸಿಲು.